ಪಾಳುಬಿದ್ದ ಗೋಡೆ ಮುಂದೆ ಕ್ಯಾಮೆರಾ ಹಿಡ್ಕೊಂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಪಾಳು ಕಟ್ಟಡಗಳ ಫೋಟೋ ತೆಗೆಯೋದ್ರ ಬಗ್ಗೆ ಬರ್ದಿದ್ದೆ. ಅದಕ್ಕೆ ಬಂದಿರೋ ಪತ್ರಗಳಲ್ಲಿ ಐದನ್ನ ಇಲ್ಲಿ ತಗೊಂಡಿದೀನಿ. ಕೊನೇದಕ್ಕೆ ಉತ್ತರ ಬರೆಯೋಕೆ ಮಾತ್ರ ನಂಗೆ ಎರಡು ದಿನ ಹಿಡೀತು.

ನಮ್ಮಜ್ಜನ ಮನೆ ಹತ್ತು ಹನ್ನೆರಡು ವರ್ಷದಿಂದ ಬೀಗ ಹಾಕಿದೆ. ಹೆಂಚಿನ ಮನೆ, ಒಂದು ಕಡೆ ಮಾಡು ಕುಸಿದಿದೆ, ಬರೋ ಬೇಸಿಗೇಲಿ ಕೆಡವ್ತಾರಂತೆ. ಅಷ್ಟರೊಳಗೆ ಫೋಟೋ ತೆಗೀಬೇಕು. ನನ್ನತ್ರ ಇರೋದು ಮೊಬೈಲ್ ಮಾತ್ರ. ಒಳಗೆ ತೆಗೆದ್ರೆ ಕಿಟಕಿ ಬೆಳ್ಳಗಾಗಿ ಉಳಿದದ್ದೆಲ್ಲ ಕಪ್ಪಾಗತ್ತೆ.
(ಪುತ್ತೂರು ಕಡೆಯ ಓದುಗರು)

ಮೊಬೈಲ್ ಸಾಕು, ಖಂಡಿತ ಸಾಕು. ಕಿಟಕಿ ಇರೋ ಜಾಗದ ಮೇಲೆ ಸ್ಕ್ರೀನಲ್ಲಿ ಬೆರಳು ಒತ್ತಿ ಹಿಡಿದ್ರೆ ಬೆಳಕು ಅಲ್ಲಿಗೆ ಲಾಕ್ ಆಗತ್ತೆ, ಆಮೇಲೆ ಸ್ವಲ್ಪ ಕೆಳಗೆ ಎಳೆದು ಇನ್ನಷ್ಟು ಡಾರ್ಕ್ ಮಾಡಿ ತೆಗೀರಿ. ಕತ್ತಲೇಲಿ ಅಡಗಿರೋದನ್ನ ಆಮೇಲೆ ಎಡಿಟ್ ಮಾಡುವಾಗ ಮೇಲೆತ್ತಬಹುದು, ಆದ್ರೆ ಪೂರ್ತಿ ಬೆಳ್ಳಗಾಗಿ ಹೋದ ಕಿಟಕಿ ಮತ್ತೆ ಸಿಗಲ್ಲ. ಫ್ಲಾಶ್ ಬೇಡವೇ ಬೇಡ. ಮೊಬೈಲನ್ನ ಒಂದು ಸ್ಟೂಲ್ ಮೇಲೋ ಡಬ್ಬಿ ಮೇಲೋ ಒರಗಿಸಿಟ್ಟು ಟೈಮರ್ ಹಾಕಿ, ಕೈ ಅಲುಗಾಡೋದು ತಪ್ಪತ್ತೆ.

ಹೆಂಚು ಜಾರಿರೋ ಕಡೆ ಹೊತ್ತೇರಿದ ಮೇಲೆ ಒಂದು ಬಿಸಿಲ ಕೋಲು ಒಳಗಿಳಿಯತ್ತೆ. ಅದು ನಿಂತಲ್ಲಿ ನಿಲ್ಲಲ್ಲ, ನಿಧಾನಕ್ಕೆ ಗೋಡೆ ಇಳಿದು ನೆಲಕ್ಕೆ ಬಂದು ಮತ್ತೆ ಇನ್ನೊಂದು ಗೋಡೆಗೆ ಹೋಗತ್ತೆ, ಒಂದು ಇಡೀ ದಿನ ಆ ಮನೇಲಿ ಕೂತು ಅದರ ಹಿಂದೆ ಹಿಂದೆ ಹೋಗಿ ನೋಡಿ. ಇನ್ನೊಂದು ದಿನ ಮಳೆ ನಿಂತು ಮೋಡ ಕವಿದಾಗ ಹೋಗಿ. ನೆಂದ ಮುರಕಲ್ಲಿಗೆ ಇರೋ ಕೆಂಪು ಬಣ್ಣ, ಅದರ ಮೇಲಿನ ಪಾಚಿ, ಇದು ಬಿಸಿಲಲ್ಲಿ ಸಿಗೋದೇ ಇಲ್ಲ.

ಮನೆ ಹೇಗೆ ಬಿತ್ತು ಅನ್ನೋದನ್ನೂ ತೆಗೀರಿ. ಮೊದ್ಲು ಒಂದೇ ಒಂದು ಹೆಂಚು ಜಾರಿರತ್ತೆ, ನೀರು ಹೆಂಚಿನಡಿಯ ಮರದ ಪಟ್ಟಿಗೆ, ಅಂದ್ರೆ ರೀಪಿಗೆ ಇಳಿದಿರತ್ತೆ, ರೀಪು ಕೊಳೆತು ಅದನ್ನ ಹೊತ್ತಿರೋ ಪಕ್ಕಾಸಿಗೆ, ಅಲ್ಲಿಂದ ಗೋಡೆ ತಲೆಗೆ. ಮನೇಲಿ ಜನ ಇದ್ದಿದ್ರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಯಾರೋ ಮಾಡು ಹತ್ತಿ ಆ ಒಂದು ಹೆಂಚು ಸರಿ ಮಾಡ್ತಿದ್ರು, ಅಷ್ಟೇ ವ್ಯತ್ಯಾಸ. ಬಿದ್ದಿರೋ ಹೆಂಚನ್ನ ತಿರುಗಿಸಿ ನೋಡಿ, ಫ್ಯಾಕ್ಟರಿ ಹೆಸರಿನ ಅಚ್ಚು ಇರತ್ತೆ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು, ಅದನ್ನ ನೋಡಿ ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದ್ವು, ಈಗ ಅವುಗಳಲ್ಲೂ ಹೆಚ್ಚಿನವು ಮುಚ್ಚಿಹೋಗಿವೆ. ಹೆಂಚಿನ ಮೇಲೆ 1865 ಅಂತ ಇದ್ರೆ ಮನೆ ಅಷ್ಟು ಹಳೇದು ಅಂದ್ಕೋಬೇಡಿ, ಅದು ಫ್ಯಾಕ್ಟರಿ ಶುರುವಾದ ವರ್ಷ. ಆ ಅಚ್ಚನ್ನ ಓರೆ ಬೆಳಕಲ್ಲಿ ಹತ್ತಿರದಿಂದ ತೆಗೀರಿ. ಅಡುಗೆಮನೆಯ ಮಸಿ ಹಿಡಿದ ಗೋಡೆ, ದೇವರ ಕೋಣೆ ಬಾಗಿಲ ಮೇಲಿನ ಕುಂಕುಮದ ಕಲೆ, ಮಕ್ಕಳ ಎತ್ತರ ಗುರುತು ಹಾಕಿದ ದಾರಂದ (ಬಾಗಿಲ ಚೌಕಟ್ಟು), ಇವೆಲ್ಲ ಬಿಡಬೇಡಿ. ಆಗುತ್ತೆ ಅಂದ್ರೆ ಆ ಮನೇಲಿ ಹುಟ್ಟಿ ಬೆಳೆದ ಅತ್ತೆಯೋ ದೊಡ್ಡಮ್ಮನೋ ಇದ್ರೆ ಒಂದು ದಿನ ಕರ್ಕೊಂಡು ಹೋಗಿ, ಅವ್ರು ಯಾವ ಮೂಲೇಲಿ ಹೋಗಿ ನಿಲ್ತಾರೋ ಅಲ್ಲಿ ನಿಮ್ಮ ಫೋಟೋ ಇದೆ.

ನನ್ನ ಮಗಳು ಕಾಲೇಜು ಫ್ರೆಂಡ್ಸ್ ಜೊತೆ ಸೇರ್ಕೊಂಡು ಬೀಗ ಹಾಕಿದ ಹಳೇ ಬಂಗಲೆ, ಮುಚ್ಚಿದ ಫ್ಯಾಕ್ಟರಿ ಅಂತ ಫೋಟೋ ತೆಗೆಯೋಕೆ ಹೋಗ್ತಾಳೆ. ಬೇಡ ಅಂದ್ರೆ ಜಗಳ. ನಿಮ್ಮಂಥೋರು ಬರೆಯೋದು ಓದಿ ಇನ್ನೂ ಜಾಸ್ತಿ ಆಗಿದೆ.
(ಮೈಸೂರಿನ ಒಬ್ಬ ತಾಯಿ)

ನಿಮ್ಮ ಭಯ ನಿಜವಾದದ್ದೇ ಅಮ್ಮ. ನಿಮ್ಮ ಊರಲ್ಲೇ 2012ರ ಆಗಸ್ಟಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ರು, ಅದೇನು ಪಾಳುಬಿದ್ದ ಕಟ್ಟಡ ಅಲ್ಲ, ಕೆಳಗೆ ಅಂಗಡಿಗಳು ನಡೀತಿದ್ವು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಕಡೆ ಬಿತ್ತು. ಜನ ಓಡಾಡ್ತಿದ್ದ ಕಟ್ಟಡಗಳೇ ಹೀಗಾದ್ರೆ ಯಾರೂ ನೋಡ್ಕೊಳ್ದೇ ಇರೋದ್ರ ಗತಿ ಏನು ಅಂತ ಮಗಳ ಹತ್ರ ಈ ಪುಟ ತೋರಿಸಿ ಕೇಳಿ, ನಾನು ಹೇಳ್ದೆ ಅನ್ನಿ.

ಅವಳಿಗೆ ನೇರವಾಗಿ ಹೇಳ್ತೀನಿ. ಹಳೇ ಬಂಗಲೆಗಳಲ್ಲಿ ಮದ್ರಾಸ್ ತಾರಸಿ ಇರತ್ತೆ, ಅಂದ್ರೆ ಸಾಲಾಗಿ ಮರದ ತೊಲೆ, ಅದರ ಮೇಲೆ ಸಣ್ಣ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿರ್ತಾರೆ. ತೊಲೆಯ ಎರಡು ತುದಿ ಗೋಡೆಯೊಳಗೆ ಹೂತಿರತ್ತೆ, ಕೊಳೆಯೋದು ಮೊದ್ಲು ಅಲ್ಲಿ, ಕೆಳಗೆ ನಿಂತು ನೋಡಿದ್ರೆ ತೊಲೆ ಗಟ್ಟಿಮುಟ್ಟಾಗೇ ಕಾಣತ್ತೆ. ಹಾಗಾಗಿ ಮಹಡಿ ಹತ್ತೋದು ಬೇಡ, ಎಷ್ಟೇ ಚೆನ್ನಾಗಿರೋ ಬೆಳಕು ಮೇಲಿದ್ರೂ ಬೇಡ. ಅರಳಿ, ಅತ್ತಿ ಬೇರು ಬಿಟ್ಟಿರೋ ಗೋಡೆ ಫೋಟೋಕ್ಕೆ ತುಂಬ ಚೆಂದ, ಆದ್ರೆ ಅದನ್ನ ದೂರದಿಂದಲೇ ತೆಗೀಬೇಕು, ಬೇರು ಗಾರೆಯನ್ನ ಸೀಳಿರತ್ತೆ. ಜೋರು ಮಳೆಯಾದ ವಾರ ಹೋಗ್ಬೇಡಿ. ಹಿತ್ತಲಲ್ಲಿ ಹುಲ್ಲು ಮುಚ್ಚಿದ ಬಾವಿ ಇರಬಹುದು, ಕಣ್ಣು ಕ್ಯಾಮೆರಾದಲ್ಲಿಟ್ಟು ಹಿಂದೆ ಹೆಜ್ಜೆ ಇಡ್ಬೇಡಿ. ಬಾವಲಿ ಇರೋ ಕಡೆ ಅದರ ಹಿಕ್ಕೆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಎನ್-95 ಮಾಸ್ಕ್ ಬ್ಯಾಗಲ್ಲಿರ್ಲಿ. ಒಡೆದ ಆಸ್ಬೆಸ್ಟಾಸ್ ಶೀಟಿನ ಧೂಳಂತೂ ಇನ್ನೂ ಕೆಟ್ಟದ್ದು, ಅದಕ್ಕೆ ಈ ಮಾಸ್ಕೂ ಸಾಲಲ್ಲ, ದೂರಾನೇ ಇರಿ. ಒಬ್ಬಳೇ ಹೋಗೋದು ಬೇಡ, ಎಲ್ಲಿಗೆ ಹೋಗ್ತಿದೀನಿ ಅಂತ ಅಮ್ಮನಿಗೆ ಹೇಳಿ ಹೋಗು.

ಅನುಮತಿ ಕೇಳು ಅಂದ್ರೆ ಹುಡುಗರಿಗೆ ಅದೇ ದೊಡ್ಡ ಕಷ್ಟ. ನಾನು ಒಮ್ಮೆ ಬೆಂಗಳೂರಲ್ಲಿ ಮುಚ್ಚಿದ ಒಂದು ಬಟ್ಟೆ ಮಿಲ್ಲಿನ ಗೇಟಿಗೆ ಮೂರು ದಿನ ಹೋಗಿದೀನಿ, ವಾಚ್‌ಮನ್ ಎರಡು ದಿನ ಆಗಲ್ಲ ಅಂದ್ರು, ಮೂರನೇ ದಿನ ಮಾಲೀಕರ ಕಡೆಯವರ ಪತ್ರ ತಗೊಂಡು ಹೋದಾಗ ಒಳಗೆ ಬಿಟ್ಟಿದ್ದಷ್ಟೇ ಅಲ್ಲ, ಅವ್ರೇ ಜೊತೇಲಿ ಬಂದ್ರು. ಅವರಪ್ಪ ಅದೇ ಮಿಲ್ಲಲ್ಲಿ ಕೆಲ್ಸ ಮಾಡ್ತಿದ್ರಂತೆ. ಶಿಫ್ಟ್ ಬದಲಾಗುವಾಗ ಕೂಗ್ತಿದ್ದ ಸೈರನ್ ಎಲ್ಲಿತ್ತು, ಯಾವ ಶೆಡ್ಡಿನ ಮಾಡು ಈಗ ನಂಬೋಹಾಗಿಲ್ಲ, ಎಲ್ಲ ತೋರಿಸಿದ್ರು. ಗೋಡೆ ಹಾರಿ ಹೋಗಿದ್ರೆ ನಂಗೆ ಖಾಲಿ ಶೆಡ್ ಸಿಗ್ತಿತ್ತು ಅಷ್ಟೇ.

ಎಚ್‌ಡಿಆರ್ ಮಾಡಿದ್ರೆ ಪಾಳು ಕಟ್ಟಡ ಇನ್ನೂ ಚೆನ್ನಾಗಿ ಕಾಣತ್ತೆ ಅಂತಾರೆ, ಕಪ್ಪು ಬಿಳುಪು ಮಾಡಿದ್ರೆ ಸುಲಭಕ್ಕೆ ಹಳೇ ಫೀಲ್ ಬರತ್ತೆ ಅಂತಾರೆ. ಯಾವುದು ಸರಿ?
(ದಾವಣಗೆರೆಯ ಓದುಗರು)

ಎಚ್‌ಡಿಆರ್ ಅಂದ್ರೆ ಬೇರೆ ಬೇರೆ ಬೆಳಕಲ್ಲಿ ಮೂರು ಫೋಟೋ ತೆಗೆದು ಸೇರಿಸೋದು, ಅದು ತಪ್ಪಲ್ಲ, ಕತ್ತಲು ಕೋಣೆಗೆ ಬೇಕಾಗತ್ತೆ. ಆದ್ರೆ ಮೂಲೆಮೂಲೆಯ ನೆರಳನ್ನೂ ತೊಳೆದು ಬಿಸಾಕಿದ್ರೆ ಅದು ಕೋಣೆ ಥರ ಕಾಣಲ್ಲ. ಕಪ್ಪು ಬಿಳುಪಿಗೆ ಹೋಗೋ ಮುಂಚೆ ಗೋಡೆ ಬಣ್ಣ ನೋಡಿ, ಸುಣ್ಣಕ್ಕೆ ನೀಲಿ ಬೆರೆಸಿ ಹೊಡೆದಿದ್ದ ಆ ತಿಳಿನೀಲಿ, ಅದು ಎದ್ದುಹೋದ ಕಡೆ ಹಿಂದಿನ ವರ್ಷಗಳ ಹಳದಿ, ಹಸಿರು ಪದರ ಪದರವಾಗಿ ಕಾಣ್ತಿದ್ರೆ ದಯವಿಟ್ಟು ಬಣ್ಣ ತೆಗೀಬೇಡಿ.

ಶೆಟ್ಟಿಹಳ್ಳಿ ಚರ್ಚಿಗೆ ಯಾವಾಗ ಹೋಗ್ಬೇಕು? ಎಲ್ಲರ ಫೋಟೋನೂ ಒಂದೇ ಥರ ಇದೆ, ನಂದು ಬೇರೆ ಆಗ್ಬೇಕು.
(ಹಾಸನದ ಕಾಲೇಜು ವಿದ್ಯಾರ್ಥಿ)

ಹತ್ತಿರದಲ್ಲೇ ಇದೀಯಪ್ಪ, ಒಂದು ಸಲ ಅಲ್ಲ, ವರ್ಷ ಪೂರ್ತಿ ಹೋಗು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿ ಅರ್ಧ ಚರ್ಚ್ ನೀರೊಳಗೆ ನಿಲ್ಲತ್ತೆ, ಬೇಸಿಗೇಲಿ ನೀರು ಸರಿದು ನೆಲ ಬಿರುಕು ಬಿಟ್ಟು ದನ ಮೇಯ್ತಿರತ್ತೆ. ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಫೋಟೋ ತೆಗೆದ್ರೆ ಗೋಡೆ ಮೇಲಿನ ನೀರಿನ ಗೆರೆ ಇಳಿಯೋದು ಕಾಣತ್ತೆ. ಹೊರ ಊರಿಂದ ಭಾನುವಾರ ಬಂದು ಹೋಗೋರಿಗೆ ಇದು ಸಿಗಲ್ಲ, ನಿಂಗೆ ಸಿಗತ್ತೆ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು ಅದು. ಗೊರೂರು ಹತ್ರ ಅಣೆಕಟ್ಟು ಬಂದಾಗ ಚರ್ಚಿನ ಜೊತೆ ಅದರ ಸುತ್ತ ಇದ್ದ ಊರೂ ಹೋಯ್ತು. ಎಲ್ಲರೂ ಕಮಾನು ತೆಗೀತಾರೆ, ಆ ಊರಿನ ಜನ ಈಗ ಎಲ್ಲಿದಾರೆ ಅಂತ ಯಾರೂ ಕೇಳಲ್ಲ. ಹುಡುಕು, ನಿನ್ನ ಜಿಲ್ಲೇಲೇ ಸಿಗ್ತಾರೆ. ಅವ್ರ ಮನೇಲಿ ಹಳೇ ಮದುವೆ ಫೋಟೋ ಇದ್ರೆ ಅದನ್ನ ಕೈಯಲ್ಲಿ ಹಿಡ್ಕೊಂಡಿರೋ ಹಾಗೆ ತೆಗಿ, ಅದರ ಪಕ್ಕ ನಿನ್ನ ಚರ್ಚ್ ಫೋಟೋ ಇಡು. ಒಳಗೆ ಗೋಡೆ ಕೆಳಗೆ ಮಾತ್ರ ನಿಲ್ಲಬೇಡ, ಈಗಾಗಲೇ ಕೆಲವು ಭಾಗ ಉದುರಿದೆ. ಗೋಡೆ ಮೇಲೆ ಹೆಸರು ಕೆತ್ತೋರನ್ನ ಕಂಡ್ರೆ ತಡಿ.

ನಾನು ಕೆಜಿಎಫ್‌ನವನು. ನಮ್ಮಪ್ಪ ಗಣಿ ಕೆಲಸಗಾರರು. ಸಿನಿಮಾ ಬಂದ್ಮೇಲೆ ವಾರ ವಾರ ಕ್ಯಾಮೆರಾ ಹಿಡ್ಕೊಂಡು ಜನ ಬರ್ತಾರೆ, ನಮ್ಮ ಬೀದಿ ಫೋಟೋ ಹಾಕಿ ‘ಸತ್ತ ಊರು’ ಅಂತ ಬರೀತಾರೆ. ನಾವು ಇಲ್ಲೇ ಬದುಕ್ತಿದೀವಿ. ಇದರಲ್ಲಿ ಸೌಂದರ್ಯ ಏನು ಕಾಣತ್ತೆ ನಿಮಗೆ?
(ರಾಬರ್ಟ್‌ಸನ್‌ಪೇಟೆಯ ಓದುಗರು)

ನಿಮ್ಮ ಪತ್ರ ಓದಿ ನನ್ನ ಹಳೇ ಫೋಟೋಗಳನ್ನ ಮತ್ತೆ ತೆಗೆದು ನೋಡ್ದೆ. ಹದಿನೈದು ವರ್ಷದ ಹಿಂದೆ ನಿಮ್ಮೂರಿಗೆ ಬಂದಿದ್ದೆ, ನೂರಕ್ಕೂ ಹೆಚ್ಚು ಫೋಟೋ ಇದೆ, ಗಣಿಗೆ ಇಳಿಯೋ ಶಾಫ್ಟ್ ಮೇಲಿನ ತುಕ್ಕು ಹಿಡಿದ ಗೋಪುರ, ಬಂಗಲೆ ಕಿಟಕಿ, ಸಂಜೆ ಬಿಸಿಲಲ್ಲಿ ಸೈನೈಡ್ ದಿಬ್ಬ, ಅಂದ್ರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ. ಒಂದರಲ್ಲೂ ಮನುಷ್ಯರಿಲ್ಲ. ಯಾರಾದ್ರೂ ಅಡ್ಡ ಬಂದ್ರೆ ಅವ್ರು ದಾಟಿ ಹೋಗ್ಲಿ ಅಂತ ಕಾದಿದ್ದೆ ಅನ್ನೋದು ನಂಗೆ ಚೆನ್ನಾಗಿ ನೆನಪಿದೆ. ಅದು ತಪ್ಪು. ನಿಮ್ಮ ಊರನ್ನ ಖಾಲಿ ಮಾಡಿದ್ದು ನನ್ನ ಫ್ರೇಮು.

ಸೌಂದರ್ಯ ಇಲ್ಲ ಅಂತ ಮಾತ್ರ ನಾನು ಹೇಳಲ್ಲ, ಸುಳ್ಳಾಗತ್ತೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ ನೂರಿಪ್ಪತ್ತು ವರ್ಷ ಜನ ಭೂಮಿಯೊಳಗೆ ಇಳಿದು ಹತ್ತಿದ ಜಾಗ ಅದು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದ್ಲು ಬಂದಿದ್ದು ನಿಮ್ಮ ಗಣಿಗೆ, ಬೆಂಗಳೂರಿಗೆ ದೀಪ ಬಂದಿದ್ದು ಅದಾದ್ಮೇಲೆ. 1965ರಲ್ಲಿ ಅದೇ ಗಣಿಯ ಆಳದಲ್ಲಿ ವಾತಾವರಣದಿಂದ ಬರೋ ನ್ಯೂಟ್ರಿನೋ ಅನ್ನೋ ಅತಿ ಸೂಕ್ಷ್ಮ ಕಣಗಳನ್ನ ಪತ್ತೆ ಮಾಡಿದ್ರು ವಿಜ್ಞಾನಿಗಳು. ಇಷ್ಟೆಲ್ಲ ನಡೆದ ಗೋಪುರ ಆಕಾಶಕ್ಕೆ ಕಪ್ಪಾಗಿ ನಿಂತಿದ್ದನ್ನ ಕಂಡ್ರೆ ಕ್ಯಾಮೆರಾ ತಾನಾಗೇ ಮೇಲೇಳತ್ತೆ. ಆದ್ರೆ ಆ ದಿಬ್ಬದ ಧೂಳು ಗಾಳಿ ಬೀಸಿದಾಗ ನಿಮ್ಮನೆ ಒಳಗೆ ಬರತ್ತೆ, ಗಣಿ ಧೂಳು ಕುಡಿದ ಎಷ್ಟೋ ಜನರ ಶ್ವಾಸಕೋಶ ಕೆಟ್ಟಿದೆ, ಇದು ನನ್ನ ಸಂಜೆ ಬಿಸಿಲ ಫೋಟೋದಲ್ಲಿ ಎಲ್ಲೂ ಇಲ್ಲ.

ಅಮೆರಿಕದ ಡೆಟ್ರಾಯ್ಟಿನಲ್ಲೂ ಇದೇ ಜಗಳ ನಡೀತು. ಅಲ್ಲಿ 1988ರಲ್ಲಿ ಮುಚ್ಚಿದ ದೊಡ್ಡ ರೈಲ್ವೆ ಸ್ಟೇಷನ್ನನ್ನ ಪ್ರಪಂಚದ ಫೋಟೋಗ್ರಾಫರುಗಳೆಲ್ಲ ಬಂದು ತೆಗೆದ್ರು, ಊರಿನ ಜನ ನಾವು ಕಾಣಲ್ವಾ ನಿಮಗೆ ಅಂತ ಕೇಳಿದ್ರು. 2018ರಲ್ಲಿ ಫೋರ್ಡ್ ಕಂಪನಿ ಅದನ್ನ ಕೊಂಡು ರಿಪೇರಿ ಮಾಡಿಸಿ 2024ರಲ್ಲಿ ಮತ್ತೆ ತೆರೆದ್ರು.

ಇನ್ನು ಬರೋರಿಗೆ ನಾನು ಹೇಳೋದು ಇಷ್ಟು: ಕೆಜಿಎಫ್‌ಗೆ ಹೋದ್ರೆ ಮೊದ್ಲು ಬೆಳಗಿನ ಜಾವ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ. ಬೆಂಗಳೂರಿಗೆ ದಿನಾ ಕೆಲ್ಸಕ್ಕೆ ಹೋಗೋರು ಕತ್ತಲೇಲೇ ಟಿಫನ್ ಬ್ಯಾಗ್ ಹಿಡ್ಕೊಂಡು ರೈಲು ಹತ್ತೋದನ್ನ ನೋಡಿ, ಆಮೇಲೆ ಬೇಕಾದ್ರೆ ಶಾಫ್ಟ್ ಕಡೆ ಬನ್ನಿ. ಕಾಲೋನಿ ಲೈನ್ ಮನೆಗಳ ಮುಂದೆ ಕ್ಯಾಮೆರಾ ಎತ್ತೋ ಮುಂಚೆ ಬಾಗಿಲು ತಟ್ಟಿ ಕೇಳಿ.

ನಿಮಗೆ ಒಂದು ಕೇಳ್ಕೊಳ್ತೀನಿ, ಈ ಫೋಟೋಗಳನ್ನ ನೀವೇ ತೆಗೀರಿ. ತಂದೆಯವ್ರು ಇದಾರೆ ಅಂದ್ರೆ ಅವ್ರಿಂದ ಶುರು ಮಾಡಿ. ಯಾವ ಶಾಫ್ಟಲ್ಲಿ ಇಳೀತಿದ್ರು, ಎಷ್ಟು ಹೊತ್ತಿಗೆ ಮನೆಗೆ ಬರ್ತಿದ್ರು ಕೇಳಿ ಬರ್ಕೊಳ್ಳಿ, ಅವ್ರು ನಡ್ಕೊಂಡು ಹೋಗ್ತಿದ್ದ ದಾರೀಲಿ ಅವ್ರ ಜೊತೆ ನಡೀರಿ, ಗೇಟ್ ಮುಂದೆ ಅವ್ರನ್ನ ನಿಲ್ಲಿಸಿ. ತಲೆಗೆ ಕಟ್ಟೋ ದೀಪ, ಹೆಲ್ಮೆಟ್ಟು ಏನಾದ್ರೂ ಮನೇಲಿ ಉಳಿದಿದ್ರೆ ಕಿಟಕಿ ಪಕ್ಕ ಇಟ್ಟು ತೆಗೀರಿ. ಎರಡು ಪ್ರಿಂಟ್ ಹಾಕ್ಸಿ, ಒಂದು ಅವ್ರಿಗೆ ಕೊಡಿ, ಇನ್ನೊಂದು ನಮಗೆ ಕಳ್ಸಿ. ಹೋದ ಸಂಚಿಕೇಲಿ ನನ್ನ ಫೋಟೋ ಬಂದ ಪುಟದಲ್ಲೇ ಅದು ಬರತ್ತೆ, ಸಂಪಾದಕರ ಹತ್ರ ಮಾತಾಡಿದೀನಿ.