ಪದಪಟ್ಟಿ ಪಕ್ಕಕ್ಕಿಡಿ
ಮಗಳು ‘ತುಘಲಕ್’ ನಾಟಕ ಓದುತ್ತಿದ್ದಾಳೆ, ಪದಗಳ ಅರ್ಥ ಬಾಯಿಪಾಠ ಮಾಡಿದರೂ ಮರುದಿನ ಮರೆಯುತ್ತಾಳೆ ಎಂದಿದ್ದೀರಿ. ಪಟ್ಟಿ ಬಿಡಿ. ಮೊದಲ ದೃಶ್ಯವನ್ನು ಇಬ್ಬರೂ ಗಟ್ಟಿಯಾಗಿ ಓದಿ. ನೀವು ಮುದುಕ, ಅವಳು ಯುವಕ. ‘ಜಿಜಿಯಾ’ ಬಂದಾಗ ನಿಲ್ಲಿಸಿ. ಅದು ಮುಸ್ಲಿಮರಲ್ಲದವರ ಮೇಲಿನ ತಲೆಗಂದಾಯ. ಸುಲ್ತಾನ ಅದನ್ನು ಮಾಫಿ ಮಾಡಿದ್ದೇಕೆ ಅಂತ ಅವಳನ್ನೇ ಕೇಳಿ. ಉತ್ತರ ಹುಡುಕಿದವಳು ಪದ ಮರೆಯಲ್ಲ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಕಷ್ಟದ ಪದಕ್ಕಿಂತ ಗೊತ್ತಿರುವ ಪದವೇ ಜಾಸ್ತಿ ತೊಡಕು, ಅಲ್ವಾ? ಮಲಯಾಳದಲ್ಲಿ ‘ವಿಧಿ’ ಅಂದರೆ ಕೋರ್ಟಿನ ತೀರ್ಪೂ ಹೌದು, ‘ಅವಕಾಶ’ ಅಂದರೆ ಹಕ್ಕು. ನನ್ನ ಮಗ ಒಮ್ಮೆ ‘ಸಂಸಾರ’ಕ್ಕೆ ‘ಮಾತುಕತೆ’ ಅಂತ ಅರ್ಥ ಬರೆದಿದ್ದ. ಇಂಥ ಪದಗಳಿಗೆ ಮಾತ್ರ ಬೇರೆ ನೋಟ್‌ಬುಕ್ ಇಡಿ. ಎರಡೂ ಅರ್ಥ ಅಕ್ಕಪಕ್ಕ ಬರೆಸಿ, ನಾಟಕದಲ್ಲಿ ಆ ಮಾತು ಯಾರದ್ದು ಅನ್ನೋದನ್ನೂ.