ಒಂದು ಲಕ್ಷ ಸಹಿ ಬೇಡ, ಒಂದು ಪ್ರಶ್ನೆಗೆ ಉತ್ತರ ಬರೆಯಿರಿ

ಮುಕ್ತ ಇಂಟರ್ನೆಟ್‌ಗಾಗಿ ಜಾಗತಿಕ ಮಟ್ಟದಲ್ಲಿ ಒಂದು ಲಕ್ಷ ಸಹಿ ಸಂಗ್ರಹಿಸಬೇಕು, ಯಾವ ಅಂತಾರಾಷ್ಟ್ರೀಯ ಸಂಸ್ಥೆ ಸೇರಲಿ ಅಂತ ಕೇಳಿದ್ದೀರಿ. ಸಂಸ್ಥೆ ಆಮೇಲೆ ನೋಡೋಣ, ಸಹಿಯಂತೂ ಬೇಡವೇ ಬೇಡ. ನಾನು 412 ಸಂಗ್ರಹಿಸಿ ಕೆಟ್ಟವನು.

2015ರ ಡಿಸೆಂಬರ್. ಮಂಗಳೂರಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ಹಾಸ್ಟೆಲ್ ವಾಸ. ಅದೇ ಏಪ್ರಿಲ್‌ನಲ್ಲಿ ಮುಕ್ತ ಇಂಟರ್ನೆಟ್ ಬೇಕು ಅಂತ ದೇಶದ ಮೂಲೆಮೂಲೆಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋಗಿದ್ದವು, ಫ್ಲಿಪ್‌ಕಾರ್ಟ್ ಏರ್‌ಟೆಲ್ ಝೀರೋ ಯೋಜನೆಯಿಂದ (ಕಂಪನಿ ದುಡ್ಡು ಕಟ್ಟಿದರೆ ಅದರ ಆ್ಯಪ್ ಬಳಕೆದಾರರಿಗೆ ಪುಕ್ಕಟೆ) ಹಿಂದೆ ಸರಿದಿತ್ತು. ಆ ಗುಂಗು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಡಿಸೆಂಬರ್ 9ಕ್ಕೆ ಟ್ರಾಯ್‌ನ ಇನ್ನೊಂದು ಕನ್ಸಲ್ಟೇಶನ್ ಪೇಪರ್, ಅಂದರೆ ನಿಯಮ ಮಾಡುವ ಮೊದಲು ಜನರ ಅಭಿಪ್ರಾಯ ಕೇಳುವ ಪತ್ರ, ಬಂತು: ಒಂದೊಂದು ಜಾಲತಾಣಕ್ಕೆ ಒಂದೊಂದು ಡೇಟಾ ದರ ಹಾಕಬಹುದೇ ಎಂದು. ಆ ಹೊತ್ತಿಗೆ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಬಂದಿತ್ತು, ರಿಲಯನ್ಸ್ ಸಿಮ್‌ನಲ್ಲಿ ಆರಿಸಿದ ಕೆಲವು ತಾಣ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು. ದಿನಪತ್ರಿಕೆಗಳಲ್ಲಿ ಅದರದ್ದೇ ಪುಟ ತುಂಬ ಜಾಹೀರಾತು.

ನಾನು ಆರು ಸಾಲಿನ ಒಂದು ಮೇಲ್ ಬರೆದೆ. ‘ಇಂಟರ್ನೆಟ್ ಎಲ್ಲರದ್ದು, ತಾರತಮ್ಯ ಬೇಡ’ ಇತ್ಯಾದಿ. ರಾತ್ರಿ ಮೆಸ್‌ನಲ್ಲಿ ಸಾಂಬಾರಿನ ಬಕೆಟ್ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟು ಕೂತೆ. ಊಟಕ್ಕೆ ಬಂದವರೆಲ್ಲ ಕೈ ತೊಳೆದು ಬಂದು ಲಾಗಿನ್ ಆಗುವುದು, ಅಂಟಿಸುವುದು, ಕಳಿಸುವುದು. ಹನ್ನೊಂದು ದಿನದಲ್ಲಿ 412. ಗೋಡೆಗೆ ಚಾರ್ಟ್ ಬೇರೆ ಹಾಕಿದ್ದೆ!

ತಪ್ಪು ಎಲ್ಲಿ ಅಂದರೆ, ಆ ಪೇಪರನ್ನು ನಾನು ಓದಿರಲಿಲ್ಲ. ಓದಿದ್ದೇನೆ ಅಂದುಕೊಂಡಿದ್ದೆ, ಯಾರೋ ಬರೆದ ಸಾರಾಂಶ ಓದಿದ್ದೆ. ಅಸಲಿ ಪೇಪರಿನಲ್ಲಿ ಇದ್ದದ್ದು ನಾಲ್ಕೇ ನಾಲ್ಕು ಪ್ರಶ್ನೆ. ಬೇರೆ ಬೇರೆ ತಾಣಕ್ಕೆ ಬೇರೆ ದರ ಬಿಡಬಹುದೇ? ಬಿಟ್ಟರೆ ತಾರತಮ್ಯ ಆಗದ ಹಾಗೆ ಏನು ಕ್ರಮ? ಗ್ರಾಹಕರಿಗೆ ಇಂಟರ್ನೆಟ್ ಪುಕ್ಕಟೆ ಸಿಗುವಂತೆ ಮಾಡಲು ಬೇರೆ ದಾರಿ ಉಂಟೇ? ಇನ್ನೇನಾದರೂ ಹೇಳುವುದಿದೆಯೇ? ಅಷ್ಟೇ. ನನ್ನ ಆರು ಸಾಲು ಮೊದಲನೆಯದಕ್ಕೆ ‘ಬೇಡ’ ಅಂದಿತ್ತು, ಯಾಕೆ ಅಂತ ಹೇಳಿರಲಿಲ್ಲ. ಮೂರನೆಯದರ ಸುದ್ದಿಯೇ ಇಲ್ಲ. ಸಮಯ ಇರಲಿಲ್ಲ ಅನ್ನುವ ಹಾಗೂ ಇಲ್ಲ, ಡಿಸೆಂಬರ್ 30ರ ಗಡುವು ಜನವರಿ 7ಕ್ಕೆ ಮುಂದೆ ಹೋಗಿತ್ತು.

ಹೊಟ್ಟೆ ಉರಿಯುವುದು ಇದಕ್ಕೆ: ‘ಯಾಕೆ’ ಅನ್ನುವುದಕ್ಕೆ ಉತ್ತರ ನನ್ನ ಕೈಯಲ್ಲೇ ಇತ್ತು. ಅಜ್ಜನ ಹಳೇ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ ಒಂದು ಪುಟ್ಟ ತಾಣದಲ್ಲಿ ಹಾಕುತ್ತಿದ್ದೆ. ಒಂದು ಬದಿ ಅಂದರೆ ಸುಮಾರು 20 ಎಂಬಿ. ಫ್ರೀ ಬೇಸಿಕ್ಸ್ ಸೇರಬೇಕಾದರೆ ತಾಣ ಹಗುರವಾಗಿರಬೇಕು. ವಿಡಿಯೋ, ಕರೆ, ದೊಡ್ಡ ಫೈಲು ಕೂಡದು ಅನ್ನುವುದು ಅವರದೇ ನಿಯಮ. ಅಂದರೆ ನನ್ನ ತಾಣಕ್ಕೆ ಆ ಬಾಗಿಲು ಮುಚ್ಚಿದ್ದೇ. ಪಕ್ಕದ ಮನೆಯವರಿಗೆ ಫೇಸ್‌ಬುಕ್ ಪುಕ್ಕಟೆ, ಅಜ್ಜನ ಅರ್ಥಗಾರಿಕೆಗೆ ಮಾತ್ರ ಪ್ಯಾಕ್ ಹಾಕಿಸಬೇಕು ಅಂದರೆ ಯಾರು ಕೇಳುತ್ತಾರೆ? ಇದನ್ನು ಒಂದು ಪುಟ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಚಾರ್ಟ್ ತುಂಬಿಸುತ್ತಿದ್ದೆ.

ಜನವರಿಯಲ್ಲಿ ಟ್ರಾಯ್ ಫೇಸ್‌ಬುಕ್‌ಗೇ ಪತ್ರ ಬರೆದು ಬಿಸಿ ಮುಟ್ಟಿಸಿತು. ಫ್ರೀ ಬೇಸಿಕ್ಸ್ ಪರವಾಗಿ ಬಂದ ಲಕ್ಷಗಟ್ಟಲೆ ಒಂದೇ ಅಚ್ಚಿನ ಮೇಲ್‌ಗಳು ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿಲ್ಲ ಎಂದು. ನಾವು ಹಾಸ್ಟೆಲಲ್ಲಿ ಬಿದ್ದು ಬಿದ್ದು ನಕ್ಕೆವು. ಲಾ ಓದುತ್ತಿದ್ದ ಚಿಕ್ಕಮ್ಮನ ಮಗಳು ಫೋನಲ್ಲಿ, “ನಿನ್ನ 412 ಯಾವ ಪ್ರಶ್ನೆಗೆ ಉತ್ತರ ಮಾರಾಯ?” ಅಂದಳು. ನಗು ನಿಂತಿತು.

2016ರ ಫೆಬ್ರವರಿ 8ಕ್ಕೆ ನಿಯಮ ಬಂತು: ತಾಣ ನೋಡಿ ದರ ಹಾಕುವಂತಿಲ್ಲ, ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ಗೆದ್ದದ್ದು ಕೂತು ಓದಿ ಬರೆದವರಿಂದ. ನನಗೆ ನಷ್ಟ ತಿಳಿದದ್ದು 2017ರ ಜನವರಿಯಲ್ಲಿ, ನೆಟ್ ನ್ಯೂಟ್ರಾಲಿಟಿ (ಎಲ್ಲ ತಾಣಕ್ಕೂ ಒಂದೇ ನ್ಯಾಯ) ಮೇಲೇ ಪೇಪರ್ ಬಂದಾಗ. ಈ ಸಲ ಓದಿಕೊಂಡು ರೂಮು ರೂಮು ಸುತ್ತಿದೆ. “ಆಗ್ಲೇ ಕಳ್ಸಿದ್ವಲ್ಲ ಅದನ್ನ?” ಅಂತ ಕೇಳಿದರು. ಕಳಿಸಿದರೆ ಮುಗಿಯಿತು ಅಂತ ಕಲಿಸಿದವನು ನಾನೇ ತಾನೇ.

ಲಕ್ಷದ ಲೆಕ್ಕ ಹೇಳುತ್ತೀರಲ್ಲ, ಅಮೆರಿಕದ್ದು ಕೇಳಿ. 2017ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಗೆ ಇದೇ ವಿಷಯದಲ್ಲಿ 2.2 ಕೋಟಿ ಅಭಿಪ್ರಾಯ ಬಂದವು. ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ಅಟಾರ್ನಿ ಜನರಲ್ ತನಿಖೆ 2021ರಲ್ಲಿ ಹೇಳಿತು. ಅದರಲ್ಲಿ 77 ಲಕ್ಷ ಒಬ್ಬನೇ 19 ವರ್ಷದ ವಿದ್ಯಾರ್ಥಿ ಸಾಫ್ಟ್‌ವೇರ್‌ನಿಂದ ಹುಟ್ಟಿಸಿದ್ದು, ಅವನೋ ನಮ್ಮ ಹಾಗೆ ನೆಟ್ ನ್ಯೂಟ್ರಾಲಿಟಿ ಪರದವನೇ! ನಿಮ್ಮ ಒಂದು ಲಕ್ಷ ಯಾವ ಮೂಲೆಗೆ?

‘ಜಾಗತಿಕ’ ಅಂತ ಬೋರ್ಡು ಹಾಕಿದ ಕಚೇರಿ ಎಲ್ಲೂ ಇಲ್ಲ. ದೆಹಲಿಯಲ್ಲಿ ಟ್ರಾಯ್ ಇದೆ, ಅದರ ಪೇಪರಿನ ಕೊನೆಯ ಪ್ರಶ್ನೆಗಳ ಪುಟ ಮೊದಲು ತೆರೆಯಿರಿ. ನಿಮ್ಮ ಕೆಲಸ, ನಿಮ್ಮ ಊರು, ನಿಮ್ಮ ರೀಚಾರ್ಜ್ ಬಿಲ್ಲು ಯಾವುದಕ್ಕೆ ತಾಗುತ್ತದೋ ಅದೊಂದಕ್ಕೇ ಬರೆಯಿರಿ. ಕಂಪನಿಗಳು ಕೊಟ್ಟ ಉತ್ತರವನ್ನೂ ಟ್ರಾಯ್ ತಾಣದಲ್ಲಿ ಹಾಕುತ್ತಾರೆ, ಅದಕ್ಕೆ ಎದುರುತ್ತರ ಕೊಡಲು ಬೇರೆ ಗಡುವು ಇರುತ್ತದೆ. ಆ ಗಡುವಿನ ಕಡೆ ವಿದ್ಯಾರ್ಥಿಗಳು ತಿರುಗಿಯೂ ನೋಡುವುದಿಲ್ಲ, ನನ್ನ ಪ್ರಕಾರ ಅಸಲಿ ಕೆಲಸ ಇರುವುದೇ ಅಲ್ಲಿ.

ಕರಡು ಆದ ಮೇಲೆ ಕಳಿಸಿ, ಓದುತ್ತೇನೆ. ಯಾವ ಪ್ರಶ್ನೆಗೆ ಅನ್ನುವ ಸಂಖ್ಯೆ ಮೇಲೆ ಇರಲಿ.