ಇನ್ನೂರು ಸಹಿ ಇದೆ, ರಸ್ತೆಯ ಅಗಲ ಅಳೆದಿದ್ದೀರಾ?

ಪ್ರಶ್ನೆ: ಬಸವನಗುಡಿಯ ನಮ್ಮ ರಸ್ತೆಯಲ್ಲಿ ಹೆಂಚಿನ ಮಾಡು, ಮಂಕಿಟಾಪ್ ಕಿಟಕಿಗಳಿದ್ದ ಹಳೇ ಬಂಗಲೆಯೊಂದು ಮಾರಾಟವಾಗಿದೆ. 80×120 ಅಡಿ ಸೈಟು. ಎರಡು ಬೇಸ್‌ಮೆಂಟ್, ಸ್ಟಿಲ್ಟ್ (ಕಂಬಗಳ ನಡುವೆ ಗಾಡಿ ನಿಲ್ಲಿಸುವ ತೆರೆದ ಅಂತಸ್ತು), ಅದರ ಮೇಲೆ ಐದು ಮಹಡಿ ಬರುತ್ತದಂತೆ. ಇನ್ನೂರು ಜನ ಸಹಿ ಹಾಕಿ ಶಾಸಕರಿಗೂ ಪಾಲಿಕೆಗೂ ಮನವಿ ಕೊಟ್ಟೆವು, ಉತ್ತರವಿಲ್ಲ. ಪಾರಂಪರಿಕ ಬಡಾವಣೆ ಎಂಬ ಕಾರಣ ಕೊಟ್ಟು ಇದನ್ನು ತಡೆಯಬಹುದೇ?

ಉತ್ತರ (ನಗರ ಯೋಜನಾ ತಜ್ಞರು): ಆ ಕಾರಣವೊಂದರಿಂದಲೇ ತಡೆಯುವುದು ಕಷ್ಟ. ಖಾಸಗಿ ಮನೆಯನ್ನು ಸರ್ಕಾರ ಪಾರಂಪರಿಕ ಕಟ್ಟಡವೆಂದು ಅಧಿಸೂಚನೆ ಹೊರಡಿಸಿ ಪಟ್ಟಿಗೆ ಸೇರಿಸಿರದಿದ್ದರೆ, ನೂರು ವರ್ಷ ಹಳೆಯದೆಂಬ ಮಾತ್ರಕ್ಕೆ ಕೆಡವಬೇಡಿ ಎನ್ನಲು ಬರುವುದಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಪ್ರತ್ಯೇಕ ಅನುಮತಿ ಬೇಕು. ಬೆಂಗಳೂರು ಕೋಟೆ, ಟಿಪ್ಪು ಅರಮನೆಯ ಸುತ್ತ ಇರುವವರಿಗೆ ಇದು ಬ್ರಹ್ಮಾಸ್ತ್ರ, ನಿಮ್ಮ ಕೈಗೆ ಸಿಗುವುದಲ್ಲ.

ಚಂಡೀಗಢದ ನಿವಾಸಿಗಳು ಗೆದ್ದರಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ 1ರಿಂದ 30ನೇ ಸೆಕ್ಟರ್‌ವರೆಗಿನ ಹಳೇ ಮನೆಗಳನ್ನು ಮೂರು ಮಹಡಿ ಮಾಡಿ, ಮಹಡಿಗೊಬ್ಬರಿಗೆ ಮಾರುವ ಪದ್ಧತಿಗೆ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತಡೆ ಹಾಕಿತು. ಆದರೆ ಒಂದು ಸೈಟನ್ನು ತುಂಡು ಮಾಡಬಾರದೆಂಬ ನಿಯಮ ಅಲ್ಲಿ ಮೊದಲೇ ಇತ್ತು, ನಮ್ಮಲ್ಲಿ ಅಂಥದ್ದಿಲ್ಲ. ಅಂದಹಾಗೆ, ಅದೇ ತೀರ್ಪಿನಲ್ಲಿ ಬೆಂಗಳೂರಿನ ಹೆಸರೂ ಬಂದಿದೆ, ನಗರ ಹೇಗೆ ಕೆಡುತ್ತದೆ ಎಂಬುದಕ್ಕೆ ಉದಾಹರಣೆಯಾಗಿ!

ಹಾಗಾಗಿ ಸಹಿ ಸಂಗ್ರಹ ಅಲ್ಲಿಗೇ ಬಿಟ್ಟು ಟೇಪು ಹಿಡಿಯಿರಿ. ಎಷ್ಟು ಕಟ್ಟಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಸೈಟಿನ ಮುಂದಿನ ರಸ್ತೆಯ ಅಗಲ. ಅಗಲವೆಂದರೆ ಬರೀ ಡಾಂಬರಲ್ಲ. ಫುಟ್‌ಪಾತ್, ಚರಂಡಿ ಎರಡೂ ಸೇರಿ, ಈ ಬದಿಯ ಗಡಿಯಿಂದ ಆ ಬದಿಯ ಗಡಿಗೆ, ರಸ್ತೆಗೆ ಲಂಬವಾಗಿ ಅಳೆಯಬೇಕು. ಟೇಪು ಓರೆಯಾದರೆ ಅಗಲ ಜಾಸ್ತಿ ಬರುತ್ತದೆ, ಅದು ಬಿಲ್ಡರ್‌ಗೇ ಅನುಕೂಲ. ಸೈಟಿನ ಎರಡು ತುದಿ ಮತ್ತು ನಡುವೆ, ಮೂರು ಕಡೆ ಅಳೆದು ಟೇಪಿನ ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ನಕ್ಷೆಯಲ್ಲಿ 12 ಮೀಟರ್ ಎಂದಿದ್ದು, ಸ್ಥಳದಲ್ಲಿ 9 ಸಿಕ್ಕರೆ ನಿಮ್ಮ ಆಕ್ಷೇಪಣೆಗೆ ಜೀವ ಬಂದಂತೆ. ಮೂಲೆ ಸೈಟಾದರೆ ಅಗಲದ ರಸ್ತೆಯೇ ಲೆಕ್ಕಕ್ಕೆ ಬರುತ್ತದೆ, ಅದನ್ನೂ ಗಮನಿಸಿ.

ಎರಡನೆಯದು ಎತ್ತರ. 2007ರ ಮಾಸ್ಟರ್ ಪ್ಲಾನ್‌ನ ಕೋಷ್ಟಕದಂತೆ ಕಟ್ಟಡ 11.5 ಮೀಟರ್ ದಾಟಿದರೆ ನಾಲ್ಕೂ ಸುತ್ತ 5 ಮೀಟರ್ ಸೆಟ್‌ಬ್ಯಾಕ್, ಅಂದರೆ ಗಡಿಗೂ ಗೋಡೆಗೂ ನಡುವೆ ಖಾಲಿ ಜಾಗ, ಬಿಡಬೇಕು. 15 ದಾಟಿದರೆ 6, 18 ದಾಟಿದರೆ 7. ನಿಮ್ಮ ಸೈಟು ಸುಮಾರು 24.4×36.6 ಮೀಟರ್. ಸುತ್ತ 5 ಬಿಟ್ಟರೆ ಮಹಡಿಗೆ ಹೆಚ್ಚೆಂದರೆ 383 ಚದರ ಮೀಟರ್ ಸಿಗುತ್ತದೆ. 6 ಬಿಟ್ಟರೆ 305, 7 ಬಿಟ್ಟರೆ ಬರೀ 235. ಎತ್ತರ ಕೋಷ್ಟಕದ ಒಂದು ಮೆಟ್ಟಿಲು ಏರಿದರೆ ಪ್ರತಿ ಮಹಡಿಯಲ್ಲೂ ಒಂದು ಸಣ್ಣ ಫ್ಲ್ಯಾಟಿನಷ್ಟು ಜಾಗ ಹೋಯಿತು! ಎತ್ತರವನ್ನು 17.95 ಎಂದು ಬರೆಯುವ ಚಪಲ ಹುಟ್ಟುವುದೇ ಇಲ್ಲಿ. ಆದ್ದರಿಂದ ನಕ್ಷೆಯ ಸೆಕ್ಷನ್ ಹಾಳೆಯನ್ನು (ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಚಿತ್ರ) ಮೊದಲು ಬಿಡಿಸಿ, ಎತ್ತರವನ್ನು ಯಾವ ನೆಲಮಟ್ಟದಿಂದ ಎಣಿಸಿದ್ದಾರೆ ನೋಡಿ. ಈ ಕೋಷ್ಟಕಗಳಿಗೆ ಆಗಾಗ ತಿದ್ದುಪಡಿ ಬರುತ್ತದೆ, ಮಂಜೂರಾತಿಯ ದಿನ ಜಾರಿಯಲ್ಲಿದ್ದ ಅಂಕಿಯನ್ನೇ ಹಿಡಿಯಿರಿ. ಪಾರಂಪರಿಕ ವಲಯಗಳ ಪಟ್ಟಿಯೂ ಅದೇ ಪ್ಲಾನ್‌ನಲ್ಲಿದೆ. ನಿಮ್ಮ ರಸ್ತೆ ಅದರೊಳಗೆ ಬಂದರೆ ಆಕ್ಷೇಪಣೆಯಲ್ಲಿ ಆ ಒಂದು ಸಾಲು ತಪ್ಪದೆ ಸೇರಿಸಿ.

ನಕ್ಷೆ ಎಲ್ಲಿ ಸಿಗುತ್ತದೆ? ಜಾಗ 500 ಚದರ ಮೀಟರ್ ಮೀರಿದರೆ ಅಥವಾ ಫ್ಲ್ಯಾಟು ಎಂಟಕ್ಕಿಂತ ಹೆಚ್ಚಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ನಿಮ್ಮ ಸೈಟೇ 890 ಚದರ ಮೀಟರ್ ಇದೆ. ಕರ್ನಾಟಕ ರೇರಾ ಜಾಲತಾಣದಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ, ಮಂಜೂರಾದ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ನೋಂದಣಿ ಸಂಖ್ಯೆಯಿಲ್ಲದೆ ‘ಬುಕಿಂಗ್ ಆರಂಭ’ ಎಂಬ ಫ್ಲೆಕ್ಸ್ ಕಟ್ಟಿದ್ದರೆ ಅದೇ ಒಂದು ದೂರು. ಅಲ್ಲಿ ಸಿಗದಿದ್ದರೆ ಆರ್‌ಟಿಐ, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇಡೀ ಪುರಾಣ ಬರೆದು ಅರ್ಜಿ ವಾಪಸ್ ಬಂದು ತಿಂಗಳು ಕಳೆದುಕೊಂಡವರು ಬಹಳ. ‘ಇಂಥ ಸೈಟಿನ ಮಂಜೂರಾದ ನಕ್ಷೆ, ಸ್ಥಳ ಪರಿಶೀಲನಾ ವರದಿ, ಪ್ರಾರಂಭಿಕ ಪ್ರಮಾಣಪತ್ರದ ಪ್ರತಿ ಕೊಡಿ’ ಎಂದಷ್ಟು ಬರೆದರೆ ಸಾಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ನಿಯಮದಂತೆ ಇರುವ ನಕ್ಷೆಗೆ ಅಕ್ಕಪಕ್ಕದವರ ಒಪ್ಪಿಗೆ ಬೇಕಿಲ್ಲ, ನಿಮಗೆ ನೋಟಿಸೂ ಬರುವುದಿಲ್ಲ. ವಾಸದ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವಂಥ ಭೂಬಳಕೆ ಬದಲಾವಣೆಗೆ ಮಾತ್ರ ಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆ ಕರೆಯಬೇಕು. ಅಡಿಪಾಯದ ಗುರುತು ಹಾಕಿದ ಮೇಲೆ ಸ್ಥಳ ನೋಡಿ ಪ್ರಾರಂಭಿಕ ಪ್ರಮಾಣಪತ್ರ ಕೊಡುತ್ತಾರಲ್ಲ, ಅದಕ್ಕೂ ಮುಂಚೆ ನಿಮ್ಮ ಅಳತೆ, ಫೋಟೋ, ನಕ್ಷೆಯಲ್ಲಿ ತಪ್ಪಾದ ಅಂಕಿ ಎಲ್ಲ ಸೇರಿಸಿ ಎರಡು ಪುಟದ ಆಕ್ಷೇಪಣೆಯನ್ನು ನಗರ ಯೋಜನಾ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೂರನೇ ಮಹಡಿ ಎದ್ದ ಮೇಲೆ ಹೈಕೋರ್ಟಿಗೆ ಹೋದರೆ ಮೊದಲ ಪ್ರಶ್ನೆಯೇ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂಬುದು.

ಪ್ರಶ್ನೆ: ನಮ್ಮದು ಪಕ್ಕದ ಮನೆ, ಗಾರೆಯಲ್ಲಿ ಕಟ್ಟಿದ್ದು. ಬೇಸ್‌ಮೆಂಟ್ ಅಗೆದರೆ ಗೋಡೆ ಬಿರುಕು ಬಿಡುತ್ತದೆಯೇ?

ಉತ್ತರ (ಸ್ಟ್ರಕ್ಚರಲ್ ಇಂಜಿನಿಯರ್): ಬಿಡುವ ಸಾಧ್ಯತೆ ಇದೆ. ಎರಡು ಬೇಸ್‌ಮೆಂಟ್ ಎಂದರೆ ಹತ್ತಿರಹತ್ತಿರ 7 ಮೀಟರ್ ಆಳ. ಸ್ಥೂಲವಾಗಿ ಆಳದಷ್ಟೇ ದೂರದವರೆಗೆ ಮಣ್ಣು ಸಡಿಲಾಗುತ್ತದೆ. ನಿಮ್ಮಂಥ ಮನೆಗಳಿಗೆ ಇರುವುದು ಆಳವಿಲ್ಲದ ಕಲ್ಲಿನ ತಳಪಾಯ, ಗೋಡೆಗಳನ್ನು ಸುತ್ತ ಕಟ್ಟಿಹಿಡಿಯುವ ಕಾಂಕ್ರೀಟ್ ಬೆಲ್ಟ್ ಇರುವುದಿಲ್ಲ. ಒಂದು ಮೂಲೆ ಕುಸಿದರೆ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ) ತೊಲೆ ಗೋಡೆಯಲ್ಲಿ ಕೂತ ಜಾಗದಲ್ಲೇ ಮೊದಲ ಬಿರುಕು. ಗುಂಡಿಗೆ ಬಂದ ಜಲವನ್ನು ಹಗಲೂ ರಾತ್ರಿ ಪಂಪ್ ಮಾಡಿದರಂತೂ ನೀರಿನ ಜೊತೆ ನುಣುಪು ಮಣ್ಣೂ ಹೋಗುತ್ತದೆ, ಹೊರಗೆ ಬೀಳುವ ನೀರು ಕೆಂಪಾಗಿದೆಯೇ ಎಂದು ಗಮನಿಸಿ.

ಜೆಸಿಬಿ ಬರುವ ಮೊದಲೇ ಪ್ರತಿ ಗೋಡೆ, ಮೂಲೆ, ಕೆಂಪು ಗಾರೆನೆಲದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲು ಇಟ್ಟು, ದಿನಾಂಕದ ಸಮೇತ. ಆ ವರದಿಗೆ ಬಿಲ್ಡರ್ ಕಡೆಯ ಇಂಜಿನಿಯರ್ ಸಹಿ ಹಾಕಲಿ, ಒಪ್ಪದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಈಗಾಗಲೇ ಇರುವ ಬಿರುಕಿಗೆ ಅಡ್ಡಲಾಗಿ, ಗೇಣಿಗಿಂತ ಚಿಕ್ಕದಾದ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಎಪಾಕ್ಸಿ ಹಾಕಿ ಅಂಟಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಸಿಮೆಂಟ್ ಪ್ಯಾಚಿನ ಮೇಲೆ ಅಂಟಿಸಬೇಡಿ, ಪ್ಯಾಚೇ ಕಳಚಿಕೊಂಡು ಗಾಜು ಮಾತ್ರ ಸುಖವಾಗಿರುತ್ತದೆ. ವಾರಕ್ಕೊಮ್ಮೆ ಬಿರುಕಿನ ಅಗಲ ಬರೆದಿಡಿ. 1 ಮಿ.ಮೀ. ಒಳಗಿದ್ದರೆ ಸುಣ್ಣ ಬಳಿದು ಮುಚ್ಚಬಹುದು, 5 ಮಿ.ಮೀ. ದಾಟಿದರೆ ಬಾಗಿಲು ಕಚ್ಚಿಕೊಳ್ಳಲು ತೊಡಗುತ್ತದೆ. ಅಷ್ಟರೊಳಗೆ ಕೆಲಸ ನಿಲ್ಲಿಸಲು ನೋಟಿಸು ಹೋಗಿರಬೇಕು.

ಬಿಲ್ಡರ್‌ಗೆ ಕೇಳಬೇಕಾದ್ದು ಗುಂಡಿಯ ಅಂಚಿಗೆ ಆಧಾರ ಕೊಡುವ ಷೋರಿಂಗ್ ವಿನ್ಯಾಸ. ನಿಮ್ಮ ಕಾಂಪೌಂಡಿನ ಉದ್ದಕ್ಕೂ ಒಂದೇ ಸಲ ಅಗೆಯದೆ, ತುಂಡುತುಂಡಾಗಿ ಅಗೆದು ತಡೆಗೋಡೆ ಕಟ್ಟುತ್ತಾ ಹೋಗಬೇಕು. ಬ್ಯೂಗಲ್ ರಾಕ್ ಇರುವ ಪ್ರದೇಶ, ಕೆಳಗೆ ಬಂಡೆ ಸಿಗದೇ ಇರದು. ಸಿಡಿಮದ್ದು ಬೇಡ, ರಂಧ್ರಕ್ಕೆ ಹಿಗ್ಗುವ ರಾಸಾಯನಿಕ ತುಂಬಿ ಸೀಳಿ ಎಂದು ಬರಹದಲ್ಲಿ ಕೇಳಿ.

ಪ್ರಶ್ನೆ: ಮಲ್ಲೇಶ್ವರದಲ್ಲಿ ಎರಡು ಎಕರೆ ಹಳೇ ಜಾಗಕ್ಕೆ ದೊಡ್ಡ ಅಪಾರ್ಟ್‌ಮೆಂಟ್ ಬರುತ್ತಿದೆ. ಪರಿಸರ ಅಹವಾಲು ಸಭೆ ಯಾವಾಗ ನಡೆಯುತ್ತದೆ?

ಉತ್ತರ (ನಗರ ಯೋಜನಾ ತಜ್ಞರು): ನಡೆಯುವುದೇ ಇಲ್ಲ. ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು, ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಇದೆ. ಸಭೆಗೆ ಕಾಯುತ್ತಾ ಕೂತರೆ ಅವಧಿ ಮೀರುತ್ತದೆ. ಅನುಮತಿ ಆದೇಶದ ವಿರುದ್ಧ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ 30 ದಿನದಲ್ಲಿ ಮೇಲ್ಮನವಿ ಹೋಗಬೇಕು. ಸರಿಯಾದ ಕಾರಣ ತೋರಿಸಿದರೆ ಇನ್ನೂ 60 ದಿನ ಸಿಗಬಹುದು, ಅದರಾಚೆ ಒಂದು ದಿನವೂ ಇಲ್ಲ. ಈ ನಡುವೆ ಜಾಗದ ಮರಗಳನ್ನು ಎಣಿಸಿಟ್ಟುಕೊಳ್ಳಿ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮರ ಅಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅರ್ಜಿಯಲ್ಲಿ 48 ಎಂದಿದ್ದರೆ ನಿಮ್ಮ ಎಣಿಕೆ ಕೆಲಸಕ್ಕೆ ಬರುತ್ತದೆ.